ನಾಲ್ಕು ಸಲ ಎಳೆದ ಗೆರೆ

ಹೊನ್ನಾವರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮಕ್ಕಳಿಗೆ ಗ್ರಾಫ್ ಎಳೆಯುವುದನ್ನು ಕಲಿಸುತ್ತಿದ್ದೇನೆ. ಅಡ್ಡಗೆರೆ ಯಾವುದು, ಉದ್ದಗೆರೆ ಯಾವುದು ಎಂದು ಕೇಳಿದರೆ ಬಾಯಿ ಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಹಾಗಾಗಿ ವಿಜ್ಞಾನದ ಮಾಸ್ತರರು ಸ್ಟಾಫ್ ರೂಮಿನಲ್ಲಿ ಮೊಬೈಲ್ ಹಿಡಿದು ಷೇರುಪೇಟೆಯ ಚಾರ್ಟ್ ತೋರಿಸಿದಾಗ, ಇದೆಂತ ಮಹಾ ವಿದ್ಯೆ ಎಂದುಕೊಂಡೆ. ನನ್ನ ಸೊಕ್ಕು ಶುರುವಾದದ್ದು ಅಲ್ಲಿಂದ.

ಮಾಸ್ತರರು ಒಳ್ಳೆಯ ಗುರು. ಒಂದು ದಿನಕ್ಕೆ ಒಂದು ಕ್ಯಾಂಡಲ್ ಎಂದರು. ಬೆಳಿಗ್ಗೆ ಶುರುವಾದ ಬೆಲೆಗಿಂತ ಮಧ್ಯಾಹ್ನ ಮೂರೂವರೆಗೆ ಮುಗಿದ ಬೆಲೆ ಹೆಚ್ಚಿದ್ದರೆ ಹಸಿರು, ಕಡಿಮೆಯಿದ್ದರೆ ಕೆಂಪು. ಮೇಲೂ ಕೆಳಗೂ ಚಾಚಿದ ಬತ್ತಿ ಆ ದಿನ ಬೆಲೆ ಎಲ್ಲಿಯವರೆಗೆ ಹೋಗಿ ಬಂತು ಎನ್ನುವುದಕ್ಕೆ. ಬೆಲೆ ಮತ್ತೆ ಮತ್ತೆ ಇಳಿದು ಒಂದೇ ಮಟ್ಟ ಮುಟ್ಟಿ ಎದ್ದರೆ ಅಲ್ಲೊಂದು ಗೆರೆ ಎಳೆಯಬೇಕು, ಅದಕ್ಕೆ ಸಪೋರ್ಟ್ ಅನ್ನುತ್ತಾರೆ. ಷೇರು ಕೊಂಡರೆ ಆ ಗೆರೆಯ ಸ್ವಲ್ಪ ಕೆಳಗೆ ಸ್ಟಾಪ್‌ಲಾಸ್ ಹಾಕಬೇಕು. ಬೆಲೆ ಅಲ್ಲಿಗೆ ಬಂದರೆ ಷೇರು ತಾನಾಗಿ ಮಾರಿಹೋಗುತ್ತದೆ, ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಕೊನೆಯದೊಂದನ್ನು ಮರೆತರೆ ಉಳಿದದ್ದೆಲ್ಲ ಕಲಿತೂ ದಂಡ ಎಂದರು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕೊನೆಯದರ ಕೆಳಗೆ ಎರಡು ಗೆರೆಯನ್ನೂ ಎಳೆದೆ. ನನ್ನ ಸಂಬಳದ ಚೂರುಪಾರು ಹಾಕಿ ನೋಡಿದ್ದರಲ್ಲಿ ನಾಲ್ಕಾರು ಸಲ ಲಾಭವೇ ಬಂತು.

ಆ ಬೇಸಿಗೆಯಲ್ಲಿ ಅಕ್ಕನ ಹಣ ನನ್ನ ಕೈಗೆ ಬಂತು. ಹಿರೇಗುತ್ತಿಯಲ್ಲಿ ಅಪ್ಪನ ಜಾಗದ ಬಹುಪಾಲು ಹೆದ್ದಾರಿ ಅಗಲ ಮಾಡುವಾಗ ಹೋಗಿತ್ತು. ಪರಿಹಾರದಲ್ಲಿ ನನ್ನ ಪಾಲನ್ನೂ ಅವಳಿಗೇ ಬಿಟ್ಟುಕೊಟ್ಟಿದ್ದೆ, ಆ ದೊಡ್ಡತನವನ್ನು ಆಗಾಗ ನೆನೆದು ಖುಷಿಪಡುತ್ತಲೂ ಇದ್ದೆ. ಅಕ್ಕ ಗಂಡನನ್ನು ಕಳೆದುಕೊಂಡು ಹನ್ನೊಂದು ವರ್ಷ. ಇರುವುದು ಬಾಡ ಎಂಬ ಊರಿನಲ್ಲಿ, ಮೈದುನನ ಮನೆಯಲ್ಲಿ, ತೆಂಗಿನಕಾಯಿ ರಾಶಿ ಹಾಕುವ ಕೋಣೆಯ ಒಂದು ಮೂಲೆಯಲ್ಲಿ. ಯಾರಿಗೆ ಕಾಯಿ ಬೇಕಾದರೂ ಬಾಗಿಲು ತಳ್ಳಿಕೊಂಡು ಬರುತ್ತಾರೆ, ಅವಳು ಸೀರೆ ಉಡುತ್ತಿದ್ದರೂ ಸರಿಯೇ. ಅಪ್ಪನ ಜಾಗದಲ್ಲಿ ಉಳಿದ ಪಟ್ಟಿಯಲ್ಲಿ ಎರಡು ಕೋಣೆ ಕಟ್ಟಿ, ಒಳಗಿನಿಂದ ಚಿಲಕ ಹಾಕಿ ಮಲಗಬೇಕು ಎನ್ನುವುದೊಂದೇ ಅವಳ ಆಸೆ. ಹಣ ತನ್ನ ಖಾತೆಯಲ್ಲಿದ್ದರೆ ಮೈದುನ ಕೇಳದೆ ಬಿಡುವುದಿಲ್ಲ, ದೀಪಾವಳಿ ಕಳೆದು ಕೆಲಸ ಶುರುವಾಗುವವರೆಗೆ ನಿನ್ನ ಹತ್ತಿರ ಇರಲಿ ಎಂದು ಕೊಟ್ಟಳು.

ಸುಮ್ಮನೆ ಇಟ್ಟಿದ್ದರೆ ಆಗುತ್ತಿತ್ತು. ಆದರೆ ನಾನು ಗಣಿತದವಳಲ್ಲವೇ? ಆರು ತಿಂಗಳು ಹಣ ಮಲಗಿರುವುದು ನನ್ನಿಂದ ನೋಡಲಾಗಲಿಲ್ಲ. ಸ್ವಲ್ಪ ಬೆಳೆದರೆ ಕೋಣೆಗೆ ಟೈಲ್ಸ್ ಆದೀತು, ಮನೆಗೆ ಅಂಟಿಕೊಂಡೇ ಬಚ್ಚಲು ಆದೀತು ಎಂದು ಒಂದೇ ಕಂಪನಿಯ ಷೇರಿನಲ್ಲಿ ಅಷ್ಟನ್ನೂ ಹಾಕಿದೆ. ಚಾರ್ಟಿನಲ್ಲಿ ಬೆಲೆ ಮೂರು ಸಲ ಒಂದೇ ಮಟ್ಟ ಮುಟ್ಟಿ ಎದ್ದಿತ್ತು. ಗೆರೆ ಎಳೆದೆ, ಕೆಳಗೆ ಸ್ಟಾಪ್‌ಲಾಸನ್ನೂ ಹಾಕಿದೆ.

ಮಳೆಗಾಲ ಹಿಡಿದ ಮೇಲೆ ಬೆಲೆ ಆ ಗೆರೆಗೆ ಬಂತು. ಆಗ ನನಗೆ ನೆನಪಾದದ್ದು ಮಾಸ್ತರರ ಪಾಠವಲ್ಲ, ಹೊಳೆ. ನಾವು ಹಿರೇಗುತ್ತಿಯಲ್ಲಿ, ಕಡಲಿನ ಉಬ್ಬರ ಇಳಿತಕ್ಕೆ ನೀರು ಏರಿಳಿಯುವ ಹೊಳೆಯ ದಂಡೆಯಲ್ಲಿ ಬೆಳೆದವರು. ಇಳಿತದ ಹೊತ್ತಿಗೆ ನೀರಿಗಿಳಿದು, ಕೆಸರಿನಲ್ಲಿ ಕಾಲಾಡಿಸಿ ಬಳಚು ಎಂಬ ಚಿಪ್ಪುಮೀನು ಆರಿಸಿ ಬುಟ್ಟಿ ತುಂಬುತ್ತಿದ್ದೆವು. ಮೊಳಕಾಲು ನೀರಿನಲ್ಲಿ ಅಕ್ಕ ಮೊದಲು ಒಂದು ಗೂಟ ಹುಗಿಯುತ್ತಿದ್ದಳು. ಏರುವ ನೀರು ಗೂಟದ ಮೇಲಿನ ಕಚ್ಚು ಮುಟ್ಟಿದರೆ, ಬುಟ್ಟಿ ತುಂಬಲಿ ಬಿಡಲಿ, ಎಲ್ಲರೂ ದಡಕ್ಕೆ ಬರಬೇಕು. ಹಾಗೆ ಬೆಳೆದವಳಿಗೆ ಇಳಿದ ನೀರು ಏರದೆ ಇರುತ್ತದೆ ಎಂದರೆ ನಂಬಲು ಆಗುತ್ತದೆಯೇ? ಹುಟ್ಟಿದಾಗಿನಿಂದ ಒಂದು ದಿನವೂ ತಪ್ಪಿದ್ದಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನು ಕ್ಯಾಂಡಲ್‌ಗಳ ಪಕ್ಕದಲ್ಲಿ ತಿಥಿಯನ್ನೂ ಬರೆದುಕೊಳ್ಳುತ್ತಿದ್ದೆ. ಹುಣ್ಣಿಮೆಗೆ ಏರಬೇಕು ಎಂದು ಲೆಕ್ಕ ಹಾಕಿ ಸ್ಟಾಪ್‌ಲಾಸ್ ತೆಗೆದುಹಾಕಿದೆ.

ಹುಣ್ಣಿಮೆ ಬಂತು, ಹೋಯಿತು. ಬೆಲೆ ಗೆರೆ ದಾಟಿ ಕೆಳಗಿಳಿಯಿತು. ನಾನು ಮತ್ತಷ್ಟು ಹಿಂದಿನ ತಿಂಗಳುಗಳ ಚಾರ್ಟ್ ತೆರೆದು, ಇದೇ ನಿಜವಾದ ಸಪೋರ್ಟ್ ಎಂದು ಇನ್ನೂ ಕೆಳಗೆ ಇನ್ನೊಂದು ಗೆರೆ ಎಳೆದೆ. ಅದೂ ಒಡೆಯಿತು. ಹೀಗೆ ಮೂರನೆಯದು, ನಾಲ್ಕನೆಯದು. ಯಾವ ಹುಡುಗನಾದರೂ ಉತ್ತರ ಸರಿಹೊಂದಲಿ ಎಂದು ಗ್ರಾಫನ್ನು ಹೀಗೆ ತಿದ್ದಿದ್ದರೆ ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆ ಮೂರು ತಿಂಗಳು ನಾನು ಬದುಕಿದ್ದು ಬೆಳಿಗ್ಗೆ ಒಂಬತ್ತೂಕಾಲು ಮತ್ತು ಮಧ್ಯಾಹ್ನ ಮೂರೂವರೆಯ ನಡುವೆ. ಪೇಟೆ ತೆರೆಯುವಾಗ ಕುಮಟಾದಿಂದ ಹೊರಟ ಬಸ್ಸಿನಲ್ಲಿರುತ್ತಿದ್ದೆ. ಪಕ್ಕದವರಿಗೆ ಕಾಣದಂತೆ ವ್ಯಾನಿಟಿ ಬ್ಯಾಗಿನೊಳಗೇ ಮೊಬೈಲ್ ಹಿಡಿದು ನೋಡುತ್ತಿದ್ದೆ. ಪಾಠದ ನಡುವೆ ಶೌಚಕ್ಕೆ ಹೋಗುತ್ತೇನೆಂದು ಹೊರಬಂದು ನೋಡುತ್ತಿದ್ದೆ. ಮಾರಿದರೆ ನಷ್ಟ ನಿಜವಾಗುತ್ತದೆ, ಇಟ್ಟರೆ ದಿನಾ ಸ್ವಲ್ಪ ಸ್ವಲ್ಪ ಕರಗುತ್ತದೆ. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಮಾಸ್ತರರು ವಿಚಾರಿಸಿದಾಗ ಎಲ್ಲ ಮಾರಿಬಿಟ್ಟೆ ಎಂದು ಸುಳ್ಳು ಹೇಳಿದೆ. ಆಮೇಲೆ ಅವರನ್ನು ಕೇಳುವ ದಾರಿಯೂ ಮುಚ್ಚಿತು.

ಅಕ್ಕ ಫೋನ್ ಮಾಡುತ್ತಿದ್ದುದು ಮೈದುನನ ಮನೆಯ ಹಿತ್ತಿಲ ಬಾವಿಕಟ್ಟೆಯಿಂದ, ತಗ್ಗಿದ ದನಿಯಲ್ಲಿ. ಮೇಸ್ತ್ರಿಗೆ ಹೇಳಿಟ್ಟಿದ್ದಾಳಂತೆ, ಜಾಗದಲ್ಲಿ ಎರಡು ಕೋಣೆಗೂ ಗೂಟ ಹೊಡೆದು ಹೋಗಿದ್ದಾನಂತೆ, ಗೋಡೆಯ ಚಿರೇಕಲ್ಲಿಗೆ ಮುಂಗಡ ಕೊಡಬೇಕಂತೆ. ಹಣ ಡಿಪಾಸಿಟ್ಟಿನಲ್ಲಿದೆ, ಮುಂದಿನ ತಿಂಗಳು ಬಿಡಿಸುತ್ತೇನೆ ಎಂದೆ. ಮುಂದಿನ ತಿಂಗಳು ಬಂದಾಗ ಅದಕ್ಕೂ ಮುಂದಿನ ತಿಂಗಳು ಎಂದೆ. ಅವಳು ಪ್ರತಿ ಸಲವೂ "ಆತು" ಎಂದು ಫೋನ್ ಇಡುತ್ತಿದ್ದಳು. ಆ ಒಂದು ಮಾತು ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ.

ದೀಪಾವಳಿಗೆ ಹದಿನೈದು ದಿನವಿರುವಾಗ, ಒಂದು ಭಾನುವಾರ, ಅಕ್ಕ ಹೇಳದೆ ಕೇಳದೆ ಕುಮಟಾದ ನನ್ನ ಬಾಡಿಗೆ ಮನೆಗೆ ಬಂದಳು. ನಾನು ಚಹಾ ಮಾಡಲು ಒಳಗೆ ಹೋದಾಗ ಮೇಜಿನ ಮೇಲಿದ್ದ ನೋಟ್‌ಬುಕ್ ತೆಗೆದು ನೋಡುತ್ತಿದ್ದಳು. ಅದರಲ್ಲಿ ನಾನು ಕೈಯಾರೆ ಬಿಡಿಸಿದ ಚಾರ್ಟ್ ಇತ್ತು, ಕೆಂಪು ಪೆನ್ನಿನದೇ ಹೆಚ್ಚು. ಇನ್ನು ಮುಚ್ಚಿಡುವ ಶಕ್ತಿ ನನಗಿರಲಿಲ್ಲ. ಹಣ ಎಲ್ಲಿದೆ, ಎಷ್ಟು ಹೋಗಿದೆ, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಕಾಗದದ ಮೇಲೆ ಬೆರಳಿಟ್ಟಳು.

"ಇದು ಎಂತಕ್ಕೆ ನಾಲ್ಕು ಗೆರೆ?"

ಬೆಲೆ ಗೆರೆಗಿಂತ ಕೆಳಗೆ ಹೋದರೆ ಮಾರಬೇಕಿತ್ತು, ಹೋದಾಗಲೆಲ್ಲ ನಾನು ಗೆರೆಯನ್ನೇ ಕೆಳಗೆ ಹಾಕಿದೆ ಎಂದೆ.

ಅಕ್ಕ ನೋಟ್‌ಬುಕ್ ಮುಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ, "ನೀ ಸಣ್ಣಕ್ಕಿದ್ದಾಗ್ಲೂ ಹೀಂಗೇ ಮಾಡ್ದವ್ಳು," ಎಂದಳು. "ಬುಟ್ಟಿ ತುಂಬ್ಲಿಲ್ಲ ಅಂತ ನನ್ನ ಗೂಟ ಕಿತ್ತು ದಡದ ಬದಿಗೆ ಹುಗ್ದಿದ್ದೆ, ನೀರು ಕಚ್ಚು ಮುಟ್ಟೂದು ತಡ ಆಗ್ಲಿ ಅಂತ. ಅವತ್ತು ನೀರಲ್ಲಿ ನೀ ಇದ್ದಿದ್ದೆ, ನಾನು ಜುಟ್ಟು ಹಿಡ್ದು ಎಳ್ದೆ. ಇವತ್ತು ನೀರಲ್ಲಿ ನಿಂತದ್ದು ನಾನು."

ನಲವತ್ತು ವರ್ಷದಿಂದ ನಾನು ಮರೆತೇಬಿಟ್ಟಿದ್ದ ಸಂಗತಿ. ಎದೆಮಟ್ಟದ ನೀರು, ತಲೆಗೂದಲು ಕಿತ್ತುಬರುವ ನೋವು, ದಡದಲ್ಲಿ ಅವಳು ಬಾರಿಸಿದ ಪೆಟ್ಟು, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ಅತ್ತೆ. ಅವಳು ಚಹಾ ಕುಡಿದು, ಲೋಟ ತೊಳೆದಿಟ್ಟು, ನಾಳೆಯೇ ಮಾರು ಎಂದು ಹೇಳಿ ಬಾಡದ ಬಸ್ಸಿಗೆ ಹೋದಳು.

ಸೋಮವಾರ ಬಸ್ಸಿನಲ್ಲೇ ಮಾರಿದೆ. ಕೈಗೆ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮರುವಾರ ನಾಲ್ಕು ಹಸಿರು ಕ್ಯಾಂಡಲ್ ಸಾಲಾಗಿ ಬಂದವು. ಅದನ್ನು ಅಕ್ಕನಿಗೆ ಹೇಳಲಿಲ್ಲ. ಉಳಿದ ಹಣದಲ್ಲಿ ಒಂದು ಕೋಣೆಯ ಗೋಡೆ ಏಳಬಹುದು, ಮೇಲಿನ ಮಾಡು ನನ್ನ ಸಂಬಳ ಕೂಡಿದ ಹಾಗೆ ಹಾಕಿಸುವುದು ಎಂದಾಯಿತು. ಅದರಿಂದಾಗಿ ಅವಳು ಇನ್ನೊಂದು ಮಳೆಗಾಲವನ್ನು ತೆಂಗಿನಕಾಯಿಯ ಕೋಣೆಯಲ್ಲಿ ಕಳೆದಳು. ನನ್ನಿಂದಲೇ ಕಳೆದಳು.

ದೀಪಾವಳಿ ಆದಮೇಲೆ ಕೆಲಸ ಶುರುವಾದ ದಿನ ನಾನು ರಜೆ ಹಾಕಿ ಹಿರೇಗುತ್ತಿಗೆ ಹೋದೆ. ಎರಡು ಕೋಣೆಗೆ ಹೊಡೆದ ಗೂಟಗಳು ಇನ್ನೂ ಹಾಗೇ ಇದ್ದವು. ಮೇಸ್ತ್ರಿ ಅವನ್ನು ಒಂದೊಂದಾಗಿ ಕಿತ್ತು ಒಂದೇ ಕೋಣೆಯ ಅಳತೆಗೆ ಹೊಡೆಯತೊಡಗಿದ. ಅವನಿಗೊಂದು ಗೂಟ ಎತ್ತಿಕೊಡೋಣವೆಂದು ನಾನು ಬಗ್ಗಿದೆ.

"ನೀ ಗೂಟ ಮುಟ್ಟೂದು ಬೇಡ," ಎಂದಳು ಅಕ್ಕ.

ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ನಾನು ಕೈ ಹಿಂದೆಗೆದುಕೊಂಡು ರಸ್ತೆಯ ಬದಿಗೆ ಹೋಗಿ ನಿಂತೆ.