ಅರಿಷುತ್ ಅತ್ತಿಗೆಯ ಒಂದು ಕಣ್ಣು

ನನ್ನ ಗಂಡ ಮುತುನ್‌ನ ಅಕ್ಕ ಅರಿಷುತ್ ಸಂತೆಯಲ್ಲಿ ಅಂಜೂರ ಮಾರುತ್ತಿದ್ದವಳು. ನಾನು ಮದುವೆಯಾಗಿ ಆ ಮನೆಗೆ ಬರುವ ಹೊತ್ತಿಗೆ ಕಣ್ಣುಬೇನೆಯಿಂದ ಅವಳ ಎರಡೂ ಕಣ್ಣು ಹೋಗಿದ್ದವು. ಅವಳನ್ನು ಓಡಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಬೈಸಿಕೊಂಡೆ.

"ಎಳೀಬೇಡ ಕಣೇ, ನಾನೇನು ಆಡಾ? ನಿನ್ನ ತೋಳು ಕೊಡು, ನಾನೇ ಹಿಡ್ಕೋತೀನಿ. ನೀನು ಮುಂದೆ ನಡಿ ಸಾಕು."

ನಮ್ಮೂರ ಗುಡ್ಡದ ಮೇಲೆ ಹುತಾತ್ಮ ಬರಿಕ್‌ನ ಸಮಾಧಿಯಿದೆ. ಹಳೆಯ ಚಕ್ರವರ್ತಿಯ ಕಾಲದಲ್ಲಿ, ದೇವರನ್ನು ಬಿಡೆನೆಂದು ತಲೆ ಕೊಟ್ಟ ನೇಕಾರ ಅವನು. ದೂರದ ಕಾರ್ಥೇಜ್ ಪಟ್ಟಣದವರು ಕೂಡ ಗಾಡಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಾರೆ. ಅತ್ತಿಗೆಯೂ ಹರಕೆ ಹೊತ್ತಳು. ದಿನಾ ಬೆಳಿಗ್ಗೆ ಅವಳನ್ನು ಹತ್ತಿಸಿಕೊಂಡು ಹೋಗುತ್ತಿದ್ದೆ. ಬಟ್ಟೆಯೊಂದನ್ನು ಸಮಾಧಿಯ ಕಲ್ಲಿಗೆ ಒತ್ತಿ ಕಣ್ಣಿಗೆ ಒತ್ತಿಕೊಳ್ಳುವಳು, ಅಲ್ಲಿಯ ದೀಪದ ಎಣ್ಣೆಯನ್ನು ರೆಪ್ಪೆಗೆ ಸವರಿಕೊಳ್ಳುವಳು. ಹತ್ತೊಂಬತ್ತನೆಯ ದಿನ ಕೈ ಅಲ್ಲೇ ನಿಂತಿತು. ತಿರುಗಿ ನನ್ನನ್ನೇ ನೋಡಿದಳು.

"ಅಯ್ಯೋ! ನಿನ್ನ ಮೂಗು ಇಷ್ಟುದ್ದ ಇದೆ ಅಂತ ನಮ್ಮ ಮುತುನ್ ಒಂದ್ಸಲನೂ ಹೇಳ್ಲಿಲ್ವಲ್ಲೇ!"

ನಾನು ಅಳುತ್ತ ನಕ್ಕೆ. ಬಲಗಣ್ಣು ತಿಳಿಯಾಗಿ ತೆರೆದಿತ್ತು. ಎಡಗಣ್ಣು ಮಾತ್ರ ಹಾಗೇ ಉಳಿಯಿತು.

ನಮ್ಮಲ್ಲಿ ವಾಸಿಯಾದವರ ಕಥೆಯನ್ನು ಬರೆದು ಭಾನುವಾರ ಗುಡ್ಡದ ಮೇಲಿನ ಚರ್ಚಿನ ಸಭೆಯಲ್ಲಿ ಓದುವ ಪದ್ಧತಿ. ಓದುವಾಗ ವಾಸಿಯಾದವರು ಬಿಷಪ್ಪರ ಪೀಠದ ಮೆಟ್ಟಿಲ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಬೇಕು. ಜನ "ದೇವರಿಗೆ ಸ್ತೋತ್ರ" ಎಂದು ಕೂಗಿದರೆ ಆ ಕಥೆ ಊರಿನದಾಯಿತು. ಹಾಗೆ ಕಥೆ ಓದಿಸಿಕೊಂಡವಳೇ ಸಮಾಧಿಯ ಬಳಿ ಹೆಂಗಸರಿಗೆ ಎಣ್ಣೆ ಹಚ್ಚಬೇಕು. ಹಿಂದೆ ಹಚ್ಚುತ್ತಿದ್ದ ಮುದುಕಿ ಆ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅತ್ತಿಗೆಗೆ ಆ ಜಾಗದ ಮೇಲೆ ಜೀವವೇ ಇತ್ತು.

"ಕುರುಡಿಯರನ್ನ ಅಲ್ಲಿ ಹ್ಯಾಗೆ ದರದರ ಎಳೀತಾರೆ ನೋಡಿದೀಯಲ್ಲ," ಎನ್ನುತ್ತಿದ್ದಳು. "ಆ ಕೆಲಸ ನಂಗೆ ಬರತ್ತೆ ಕಣೇ. ಇನ್ಯಾರಿಗೂ ಬರಲ್ಲ."

ಕಥೆ ಬರೆದವನು ಧರ್ಮಸೇವಕ ದಾತಿವ. ಒಳ್ಳೆಯವನೇ, ಆದರೆ ಹುತಾತ್ಮನ ಹೆಸರು ದೊಡ್ಡದಾಗಲೆಂಬ ಆಸೆ ಅವನಿಗೆ ಒಂದು ಹಿಡಿ ಹೆಚ್ಚು. ಬರೆದದ್ದು ಲ್ಯಾಟಿನಿನಲ್ಲಿ. ಮನೆಯಲ್ಲಿ ನಾವು ಆಡುವುದು ಪ್ಯೂನಿಕ್ ಮಾತು. ಅತ್ತಿಗೆಗೆ ಬರುತ್ತಿದ್ದ ಲ್ಯಾಟಿನ್ ಎಂದರೆ ಅಂಜೂರ ಎಣಿಸಿಕೊಡುವಷ್ಟು.

ಆ ಭಾನುವಾರ ಮೆಟ್ಟಿಲ ಮೇಲೆ ನಿಂತಳು. ದಾತಿವ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಕೊನೆಗೆ ಕಣ್ಣುಗಳ ಲೆಕ್ಕ ಬಂದಾಗ ಅತ್ತಿಗೆಯ ಕೈ ಮೇಲೆದ್ದಿತು.

"ಎರಡು ಅಂದ್ರಾ ಅಯ್ಯನೋರೆ? ಎರಡಲ್ಲ. ಒಂದು."

ದಾತಿವ ಬಗ್ಗಿ ಪಿಸುಗುಟ್ಟಿದ್ದು ಮುಂದೆ ನಿಂತಿದ್ದ ನನಗೂ ಕೇಳಿಸಿತು. "ಸುಮ್ನಿರು ತಾಯಿ. ಇವತ್ತು ಒಂದು, ನಾಳೆ ಇನ್ನೊಂದೂ ಬರತ್ತೆ. ಎಣ್ಣೆ ಹಚ್ಚೋ ಕೆಲಸ ಬೇಡ್ವಾ ನಿಂಗೆ?"

"ಬೇಕು. ನಾಳೆ ಬಂದ್ರೆ ನಾಳೆ ಬರ್ಕೊಳ್ಳಿ."

ನನ್ನ ಗಂಡ ಹಣೆ ಚಚ್ಚಿಕೊಂಡ. ಬಿಷಪ್ಪರು ಪೀಠದಿಂದ ಮುಂದೆ ಬಾಗಿ, "ನಿಜವೇನಮ್ಮ?" ಎಂದರು.

ಅತ್ತಿಗೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. "ಈಗ ನೀವು ಕೂತಿದೀರೋ ನಿಂತಿದೀರೋ ನಂಗೆ ಗೊತ್ತಿಲ್ಲ ಸ್ವಾಮಿ." ಕೈಯನ್ನು ಎಡಗಣ್ಣಿಗೆ ತಂದು ಸಭೆಯತ್ತ ತಿರುಗಿದಳು. "ಈಗ ನೋಡಿ. ಆ ಮೂರನೇ ಕಂಬಕ್ಕೆ ಒರಗಿ ರೊಟ್ಟಿ ಸುಡೋ ಬಲಿಥೋ ಆಕಳಿಸ್ತಾ ಇದಾನೆ. ಬಾಯಿ ಮುಚ್ಚೋ, ನೊಣ ಹೋದೀತು!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬಿಷಪ್ಪರೂ ನಕ್ಕರು, ಆದರೆ ದಾತಿವನ ಕೈಯಿಂದ ಕಥೆಯ ಓಲೆಯನ್ನು ತೆಗೆದುಕೊಂಡು ಮಡಿಸಿದರು. ತಪ್ಪು ಬರೆದ ಕಥೆಗೆ ಸ್ತೋತ್ರ ಕೂಗುವಂತಿಲ್ಲ. ತಿದ್ದಿ ಮುಂದಿನ ವಾರ ಓದಬೇಕು, ಒಪ್ಪುವುದು ಬಿಡುವುದು ಜನರಿಗೆ ಬಿಟ್ಟದ್ದು ಎಂದರು.

ಗುಡ್ಡ ಇಳಿಯುವಾಗ ಮುತುನ್ ಉರಿದುಬಿದ್ದ. "ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು! ಅರ್ಧ ಪವಾಡಕ್ಕೆ ಯಾರು ಕೂಗ್ತಾರೆ?"

"ಅರ್ಧ ಅಂತೀಯೇನೋ!" ಅತ್ತಿಗೆ ದಾರಿಯಲ್ಲೇ ನಿಂತಳು. "ಕೊಟ್ಟಿದ್ದು ದೇವ್ರು. ಅವನು ಕೊಟ್ಟಿದ್ದನ್ನ ಅಳತೆ ಹೆಚ್ಚಿಸಿ ಹೇಳಿದ್ರೆ, ಸಾಲಲಿಲ್ಲ ಅಂದಂಗಲ್ವಾ?"

ಹಾಗೆಂದಳೇ ಹೊರತು ಆ ವಾರವೆಲ್ಲ ಅವಳಿಗೆ ಗಂಜಿ ಸೇರಲಿಲ್ಲ. ಬಟ್ಟಲು ಹಿಡಿದು ಕೂತಿರುತ್ತಿದ್ದಳು. ಜನ ಸುಮ್ಮನಿದ್ದುಬಿಟ್ಟರೆ ಮತ್ತೆಂದೂ ಆ ಮೆಟ್ಟಿಲೇರಲು ಅವಕಾಶವಿರಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಕಾಲಿಡಲು ಜಾಗವಿಲ್ಲ. ಬಲಿಥೋನ ಆಕಳಿಕೆಯ ಕಥೆ ಸುತ್ತಲ ಹಳ್ಳಿಗೆಲ್ಲ ಹಬ್ಬಿತ್ತು. ದಾತಿವ ಈ ಸಲ ಲ್ಯಾಟಿನಿನಲ್ಲಿ ಓದಿ, ತಾನಾಗಿಯೇ ಪ್ಯೂನಿಕ್‌ನಲ್ಲಿ ಇನ್ನೊಮ್ಮೆ ಹೇಳಿದ. "ಅರಿಷುತ್‌ಳ ಬಲಗಣ್ಣು ತೆರೆಯಿತು. ಎಡಗಣ್ಣು ತೆರೆಯಲಿಲ್ಲ." ಅತ್ತಿಗೆ ಮೆಟ್ಟಿಲ ಮೇಲಿಂದ ಒಂದೊಂದೇ ಕಂಬದತ್ತ ನೋಡಿದಳು. ಆಮೇಲೆ ಮೂರನೇ ಕಂಬದ ಬಳಿಯಿಂದ ಬಲಿಥೋನೇ ಮೊದಲು ಕೂಗಿದ. ಹಿಂದೆಯೇ ಎದ್ದ ಕೂಗಿಗೆ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು.

ಅಂದಿನಿಂದ ಇಪ್ಪತ್ತೆರಡು ವರ್ಷ ಸಮಾಧಿಯ ಎಣ್ಣೆ ಅತ್ತಿಗೆಯ ಕೈಯಲ್ಲಿತ್ತು. "ನನಗೆ ಕಣ್ಣು ಬರತ್ತಾ?" ಎಂದು ಹೆಂಗಸರು ಕೇಳಿದರೆ, "ನಾನು ಹೇಳಲಾರೆ ತಾಯಿ, ಕೂತ್ಕೋ" ಎಂದೇ ಹಚ್ಚುವಳು. ವಾಸಿಯಾದವರುಂಟು, ಆಗದೆ ಹೋದವರೂ ಉಂಟು. ಬೈದುಕೊಂಡು ಹೋದವರನ್ನು ಮಾತ್ರ ನಾನು ಕಾಣೆ. ಬೇರೆ ಊರುಗಳಲ್ಲೂ ಸಮಾಧಿಗಳಿವೆ, ನಮ್ಮದಕ್ಕಿಂತ ದೊಡ್ಡ ಕಥೆಗಳೂ ಇವೆ. ಆದರೆ ಕಾರ್ಥೇಜಿನ ಗಾಡಿಯಿಂದ ಇಳಿದ ಹೆಂಗಸರು ಗುಡ್ಡದ ಬುಡದಲ್ಲಿ ನನ್ನನ್ನು ಮೊದಲು ಕೇಳುತ್ತಿದ್ದದ್ದು, "ಆ ಒಂದು ಕಣ್ಣಿನಮ್ಮ ಎಲ್ಲಿದಾರೆ?" ಎಂದು. ನಾನು ಎದೆಯುಬ್ಬಿಸಿ, "ನಮ್ಮತ್ತಿಗೆ ಕಣಮ್ಮ, ಬನ್ನಿ" ಎಂದು ತೋಳು ಕೊಡುತ್ತಿದ್ದೆ.