ದೀಪ ಇಳಿಸದ ಹಗೇವು

ಹೋದ ವಾರ ನಮ್ಮ ಕಲಬುರಗಿ ಮನೆಯ ನೀರಿನ ಸಂಪು ತೊಳೆಯಲು ಒಬ್ಬ ಬಂದಿದ್ದ. ಮುಚ್ಚಳ ಎತ್ತುತ್ತಲೇ ಬಹಳ ದಿನ ಮುಚ್ಚಿಟ್ಟ ಗಾಳಿಯ ಒಂದು ವಾಸನೆ ಮೇಲೆ ಬಂತು. ಅವನು ಕಾಲು ಇಳಿಬಿಡುವಷ್ಟರಲ್ಲಿ ನಾನು ಅಂಗಳದಿಂದಲೇ ಚೀರಿದೆ, "ಮೊದಲ ದೀಪ ಇಳಸೋ!"

ಅವನು ಮೊಬೈಲ್ ತೋರಿಸಿ ನಕ್ಕ. "ಟಾರ್ಚ್ ಅದಲ್ರಿ ಅಕ್ಕಾರ."

"ಟಾರ್ಚ್ ಆರೂದಿಲ್ಲಪ್ಪ, ಅದಕ್ಕ ಬ್ಯಾಡ. ಆರೂದ ಬೇಕು."

ದಾಟಿಹೋಗುವ ನೆರೆಮನೆಯವರು ನಿಂತು ನೋಡಿದರು. ಐದಡಿ ಆಳದ ಸಂಪಿಗೆ ದಾರ ಕಟ್ಟಿದ ಹಣತೆ ಇಳಿಸಿ, ಅದು ಉರಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಅವನನ್ನು ಒಳಗೆ ಬಿಟ್ಟೆ. ನನಗೆ ತಲೆ ಸರಿಯಿಲ್ಲವೆಂದು ಓಣಿಯಲ್ಲಿ ಮೊದಲೇ ಸುದ್ದಿಯಿದೆ, ಈಗ ಸಾಕ್ಷಿಯೂ ಸಿಕ್ಕಿತು. ಆದರೆ ನೀವಾದರೂ ಪೂರ್ತಿ ಕೇಳಿ, ಆಮೇಲೆ ನಗಿ.

ಜೇವರ್ಗಿಯಿಂದ ಹತ್ತು ಮೈಲಿ ಒಳಗಿನ ಹಳ್ಳಿಯಲ್ಲಿ ನನ್ನ ಮುತ್ಯಾನ ಮನೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಅನ್ನುತ್ತೇವೆ. ಊರಿನಲ್ಲಿ ಕ್ರೈಸ್ತರ ಮನೆ ಎಂಟೋ ಒಂಬತ್ತೋ. ಕ್ರಿಸ್ಮಸ್ಸಿಗೆ ಅಲ್ಲಿ ಎಲ್ಲರೂ 'ದೊಡ್ಡ ಹಬ್ಬ' ಎಂದೇ ಅನ್ನುತ್ತಿದ್ದರು. ಹಬ್ಬಕ್ಕೆ ಒಂದು ವಾರ ಮುಂಚೆ ನಾವು ಕೆಂಪು ಬಸ್ಸಿನಲ್ಲಿ ಹೋಗಿ ಇಳಿಯುವ ಹೊತ್ತಿಗೆ ಮುತ್ಯಾ ಮೈತುಂಬ ಸುಣ್ಣ ಸಿಡಿಸಿಕೊಂಡು ನಿಂತಿರುತ್ತಿದ್ದ. ವರ್ಷವಿಡೀ ಮುಟ್ಟದ ಕೆಲಸಗಳೆಲ್ಲ ಆ ಏಳು ದಿನಗಳಲ್ಲೇ ಆಗಬೇಕು: ಮಾಳಿಗೆಗೆ ಮಣ್ಣು ಹಾಕಬೇಕು, ಹೊರಸಿಗೆ ಹೊಸ ಹಗ್ಗ ಬಿಗಿಯಬೇಕು, ಬಿದಿರಿನ ನಕ್ಷತ್ರಕ್ಕೆ ಕಾಗದ ಅಂಟಿಸಬೇಕು. ಎಲ್ಲವನ್ನೂ ಗೇಣಿನಲ್ಲೇ ಅಳೆಯುತ್ತಿದ್ದ. ಅವನು ಮಾಡಿದ ಬೆಂಚಿನ ಮೇಲೆ ಮೂವರು ಕೂತರೆ ನಡುವಿನವರು ತಾವಾಗಿಯೇ ಒಂದು ಕಡೆ ಜಾರುತ್ತಿದ್ದರು. ಒಳಗೆ ಆಯಿ ಕರ್ಚಿಕಾಯಿಗೆ ಕೊಬ್ಬರಿ ತುರಿಯುತ್ತ, "ನಿಮ್ಮ ಮುತ್ಯಾ ಹಬ್ಬಾ ಮಾಡೂದಿಲ್ಲ, ಮನಿ ರಿಪೇರಿ ಮಾಡ್ತಾನ" ಅನ್ನುತ್ತಿದ್ದಳು.

ಎಂಬತ್ತರ ದಶಕದ ಒಂದು ಡಿಸೆಂಬರ್. ನನಗೆ ಹನ್ನೊಂದು ವರ್ಷ. ಆ ಸಲ ಮುತ್ಯಾನ ಕೆಲಸಗಳಲ್ಲಿ ಹೊಸದೊಂದಿತ್ತು. ಅಂಗಳದ ಹಗೇವಿನ ಬಾಯಿಗೆ ಚಪ್ಪಟೆ ಫರಸಿ ಕಲ್ಲು ಹಾಕಿ, ಸುಣ್ಣದ ಗಚ್ಚಿನಿಂದ ಕಾಯಂ ಮುಚ್ಚಿಬಿಡುವುದು.

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕೋಣೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಜೋಳದಿಂದ ಒಳಗೆ ಕೆಟ್ಟ ಗಾಳಿ ತುಂಬುತ್ತದೆ. ಅದಕ್ಕೇ ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಮೊದಲು ದೀಪ ಇಳಿಸಿ, ಅದು ತಳದವರೆಗೂ ಉರಿದರೆ ಮಾತ್ರ ಮನುಷ್ಯರು ಇಳಿಯುವುದು. ನಮ್ಮ ಹಗೇವಿನಲ್ಲಿ ನಾನು ಹುಟ್ಟುವ ಮುಂಚೆ ನನ್ನ ಎಸ್ತೇರ ಅತ್ತಿ, ಅಂದರೆ ಅಪ್ಪನ ತಂಗಿ, ಹದಿನೈದರ ಹುಡುಗಿ, ಹಬ್ಬದ ಜೋಳ ತರಲು ಇಳಿದು ಸತ್ತಿದ್ದಳು. ಅಂದಿನಿಂದ ಅದರ ಬಾಯಿಗೆ ಹಲಗೆ, ಹಲಗೆಯ ಮೇಲೊಂದು ಗುಂಡುಕಲ್ಲು. ಮನೆಯಲ್ಲಿ ಆ ಮಾತನ್ನು ಯಾರೂ ತೆಗೆಯುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮುತ್ಯಾ ಮತ್ತು ಗೌಂಡಿ ಮೆಹಬೂಬಸಾಬ ಹಲಗೆ ತೆಗೆದು ಕಲ್ಲು ಕೂಡಿಸಿದರು. ಗಚ್ಚು ನೆನೆದು ಹದಕ್ಕೆ ಬರಲು ನಾಲ್ಕು ದಿನ ಬೇಕಿತ್ತು, ಅಲ್ಲಿವರೆಗೆ ಕಲ್ಲು ಹಾಗೇ ಇರಲಿ ಅಂದರು. ಸಂಜೆ ನೋಡಿದರೆ ಕಲ್ಲು ನಾಲ್ಕು ಬೆರಳು ಸರಿದಿತ್ತು. ಮುತ್ಯಾ ನಮ್ಮನ್ನು ಬೈದು ಸರಿಮಾಡಿದ. ಮಂಗಳವಾರ ಸಂಜೆ ಮತ್ತೆ ನಾಲ್ಕು ಬೆರಳು. ಬುಧವಾರವೂ ಅಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಮೆಹಬೂಬಸಾಬ ಸಂದಿಯಲ್ಲಿ ಬಗ್ಗಿ ನೋಡಿ, ಕೈ ಒರೆಸಿಕೊಂಡು ಎದ್ದು ನಿಂತ.

"ಮಾಸ್ತರ, ಗ್ವಾಡಿ ಕೆಲಸ ಏನರ ಇದ್ರ ಹೇಳ್ರಿ, ಮಾಡ್ತೇನಿ. ಈ ಕಲ್ಲಿನ ತಂಟಿಗಿ ನಾ ಬರಂಗಿಲ್ರಿ."

ಮುತ್ಯಾ ಒಂದು ಕಾಲಕ್ಕೆ ಸಾಲಿ ಮಾಸ್ತರನಾಗಿದ್ದವನು, ಇಂಥದನ್ನೆಲ್ಲ ನಂಬುವವನಲ್ಲ. ಆದರೂ ಆವತ್ತು ತಾನೊಬ್ಬನೇ ಬಗ್ಗಿ ಕಲ್ಲು ನೂಕಿ ಸರಿಮಾಡಿದ. ಅವನ ಮುಖ ಕಂಡು ನನಗೆ ಕಲ್ಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಗುರುವಾರ ಮಧ್ಯಾಹ್ನ ಆಯಿಯನ್ನು ಬಿಟ್ಟು ಉಳಿದವರೆಲ್ಲ ಹಾಡಿನ ತಾಲೀಮಿಗೆ ಗುಡಿಗೆ ಹೋದರು. ಚರ್ಚಿಗೆ ನಾವು ಗುಡಿ ಅಂತಲೇ ಅನ್ನುವುದು. ನನ್ನ ಕಂಠವನ್ನು ಯಾರೂ ಬಯಸುತ್ತಿರಲಿಲ್ಲ, ತಲೆನೋವೆಂದಾಗ ಪಾಸ್ಟರರೂ ಸಂತೋಷಪಟ್ಟರು. ಪಡಸಾಲೆಯಲ್ಲಿ ಮಲಗಿದ್ದವಳಿಗೆ ಕಲ್ಲು ಕರಕರ ಎಂದದ್ದು ಕೇಳಿಸಿತು. ಎದ್ದು ನೋಡಿದರೆ ಹಾಡುಹಗಲಿನಲ್ಲಿ ಆಯಿ ಹಾರೆ ಹಾಕಿ ಕಲ್ಲು ಮೀಟುತ್ತಿದ್ದಾಳೆ. ಸಂದಿ ಬಿಟ್ಟ ಕೂಡಲೇ ಹಾರೆ ಗೋಡೆಗೆ ಒರಗಿಸಿ, ನೆಲದ ಮೇಲೆ ಉದ್ದಕ್ಕೆ ಮಲಗಿ, ಕಿವಿ ಹಚ್ಚಿದಳು. ಅವಳ ಮುಖದಲ್ಲಿ ನಗುವಿತ್ತು. ಕೂಸು ನಿದ್ದೆಯಲ್ಲಿ ಮಿಸುಕಿದ್ದನ್ನು ಕೇಳುವ ತಾಯಿಯ ನಗು.

ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ಬಾ ಬೇ" ಎಂದಳು. "ಮುಚ್ಚಿಬಿಟ್ರ ಆಕಿ ಉಸಿರಾಡೂದು ಹ್ಯಾಂಗ?"

"ಯಾರು ಆಯಿ?"

"ನಿಮ್ಮ ಎಸ್ತೇರ ಅತ್ತಿ. ಮೈ ಅಷ್ಟ ಮ್ಯಾಲೆ ತಂದ್ರು. ಆಕಿ ಇಲ್ಲೇ ಅದಾಳ. ನಿಮ್ಮ ಮುತ್ಯಾನ ಹೇಳ್ಯಾನ, ಆವತ್ತು ದೀಪ ತಳದ ತನಕ ಛಲೋ ಉರೀತು ಅಂತ. ಗಾಳಿ ಛಲೋ ಇದ್ದಮ್ಯಾಲೆ ಆಕಿ ಯಾಕ ಸಾಯ್ತಾಳ? ಏನೋ ಹಿಡಕೊಂಡದ. ಕೇಳು, ನಿನ್ನ ಕಿವಿ ಸಣ್ಣವು."

ನಾನೂ ಮಲಗಿ ಕಿವಿ ಇಟ್ಟೆ. ಕೆನ್ನೆಗೆ ತಣ್ಣಗಿನ ಗಾಳಿ ತಾಕಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಏನೋ ಕೇಳಿಸಿತು, ಒಂದೇ ಸಲ.

"ಕೇಳ್ತದ ಆಯಿ" ಎಂದುಬಿಟ್ಟೆ.

ಆಯಿ ನನ್ನ ತಲೆ ಸವರಿದಳು. "ನಿನಗೂ ಕೇಳ್ತು ಅಂದ್ರ ಖರೇನ. ಇಷ್ಟ ದಿನಾ ನನಗ ಭ್ರಮಿ ಅಂತ ತಿಳಕೊಂಡಿದ್ದೆ. ನಾಳೆ ಇಳದ ಕರಕೊಂಡ ಬರ್ತೇನಿ."

 ಗುಡಿಯವರೆಗೆ ಓಡಿ ಮುತ್ಯಾನಿಗೆ ಎಲ್ಲ ಹೇಳಿದೆ. ಅವನು ಹಾಡಿನ ನಡುವೆಯೇ ಎದ್ದು ಬಂದ. ಆಯಿ ಕಲ್ಲಿನ ಪಕ್ಕದಲ್ಲೇ ಕೂತಿದ್ದಳು. ಬೈಯುತ್ತಾನೆಂದುಕೊಂಡೆ. ಅವನು ಕಲ್ಲು ಪೂರ್ತಿ ಸರಿಸಿ, ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿದ. ಒಂದಾಳುದ್ದ ಹೋದದ್ದೇ ದೀಪ ಆರಿತು. ಮೇಲೆಳೆದು ಹಚ್ಚಿ ಮತ್ತೆ ಇಳಿಸಿದ. ಅಲ್ಲೇ ಆರಿತು. ಮೂರನೆಯ ಸಲವೂ ಅಲ್ಲೇ.

ಆಯಿ ಕತ್ತಲನ್ನೇ ನೋಡುತ್ತ ಕೇಳಿದಳು, "ಹಂಗಾರ ಆವತ್ತು ಹ್ಯಾಂಗ ಉರೀತ್ರಿ?"

"ಆವತ್ತು ಇಳಿಸಿದ್ದಿಲ್ಲ" ಎಂದ ಮುತ್ಯಾ. "ಕಲಿಸಿದ ಸುಣ್ಣ ಆರಾಕತ್ತಿತ್ತು. ಲಗೂ ಇಳಿ ಅಂತ ನಾನ ಅವಸರ ಮಾಡಿದೆ. ಆಮ್ಯಾಲೆ ನಿನ್ನ ಮಾರಿ ನೋಡಿ ಹೇಳಲಿಕ್ಕೆ ಆಗಲಿಲ್ಲ. ದೀಪ ಉರೀತು ಅಂದುಬಿಟ್ಟೆ."

ಆಯಿ ಅಳಲಿಲ್ಲ. "ಇಷ್ಟ ವರ್ಷ ನಾ ದೇವರ ಮ್ಯಾಲೆ ಸಿಟ್ಟ ಮಾಡಕೊಂಡ ಕುಂತಿದ್ದೆನಲ್ರಿ" ಎಂದಳು. ಎದ್ದು ಹೋಗಿ ತಾನೇ ಗಚ್ಚಿನ ಬುಟ್ಟಿ ತಂದಳು. ಇಬ್ಬರೂ ಕೂಡಿ ಕಲ್ಲಿನ ನಾಲ್ಕೂ ಅಂಚು ಮೆತ್ತಿದರು. ಆ ಹಬ್ಬದಲ್ಲಿ ಇಬ್ಬರೂ ಮಾತಾಡಲಿಲ್ಲ. ಹೊಸ ವರ್ಷದ ಹೊತ್ತಿಗೆ ಆಯಿ ಅವನಿಗೆ ಚಹಾ ಕೊಡಲು ಶುರುಮಾಡಿದಳು.

ಮುತ್ಯಾನ ಆ ಸುಳ್ಳಿನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಒಬ್ಬ ಹೆಂಗಸನ್ನು ಜೀವಮಾನವಿಡೀ ಒಂದು ಕುಣಿಯ ಬಾಯಿಗೆ ಕಟ್ಟಿಹಾಕಿದ ಸುಳ್ಳು ಅದು.

ತೊಂಬತ್ತರ ದಶಕದಲ್ಲಿ ಮುತ್ಯಾ ಹೋಗಿ ಎರಡು ವರ್ಷಕ್ಕೆ ಆಯಿ ಹಾಸಿಗೆ ಹಿಡಿದಳು. ಒಂದು ಮುಂಜಾನೆ ನಾನು ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದಳು. "ಆವತ್ತು ನಿನಗ ಖರೇ ಕೇಳಿತ್ತೇನು ಬೇ?"

"ಇಲ್ಲ ಆಯಿ. ನೀ ಖುಷಿಯಾಗ್ಲಿ ಅಂತ ಸುಳ್ಳ ಹೇಳಿದ್ದೆ."

ಅವಳ ಮೈಯೆಲ್ಲ ಸಡಿಲಾದದ್ದು ನನ್ನ ಕೈಗೆ ಗೊತ್ತಾಯಿತು. "ಛಲೋ ಆತು" ಎಂದಳು. "ಹಂಗಾರ ಆಕಿ ಹೋಗ್ಯಾಳ." ಆಮೇಲೆ ಯಾರಿಗೂ ಎಂದೂ ಹೇಳದ್ದನ್ನು ಹೇಳಿದಳು. ಹಗೇವಿಗೆ ಇಳಿದವರು ಬುಟ್ಟಿ ತುಂಬಿದಂತೆಲ್ಲ ಕೂಗಿ ಎಣಿಸಬೇಕು, ದನಿ ಬರುತ್ತಿದ್ದರೆ ಜೀವ ಇದೆಯೆಂದು ಅರ್ಥ. ನಮ್ಮಲ್ಲಿ ಧಾನ್ಯ ಎಣಿಸುವಾಗ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. "ಅಡಗಿಮನ್ಯಾಗ ಕೇಳಾಕತ್ತಿದ್ದೆ. ಲಾಭ ಅಂದ್ಲು. ಎರಡು, ಮೂರು ಅಂದ್ಲು. ನಾಕು ಅಂದ್ಲು. ಆಮ್ಯಾಲೆ ಸುಮ್ಮನಾದ್ಲು."

ಅದಾಗಿ ನಾಲ್ಕನೆಯ ದಿನ ಆಯಿ ಹೋದಳು, ನಿದ್ದೆ ಹೋದವರ ಹಾಗೆ.

ಮುತ್ಯಾನ ಮೇಲಿನ ಸಿಟ್ಟು ನನಗೆ ಈಗ ಉಳಿದಿಲ್ಲ. ಒಬ್ಬರ ಮುಖ ನೋಡಿ ಬಾಯಿಂದ ಸುಳ್ಳು ಹೇಗೆ ಜಾರುತ್ತದೆಂದು ನನಗೂ ಗೊತ್ತು. ಆ ಮುಂಜಾನೆ ಆಯಿಗೆ ಹೇಳಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಮನೆಯವರಿಗೆ ಯಾರಿಗೂ ಹೇಳದ್ದನ್ನು ಇಲ್ಲಿಯವರೆಗೆ ಜೊತೆಗೆ ಬಂದ ನಿಮಗೆ ಹೇಳುತ್ತಿದ್ದೇನೆ. ಆ ಮಧ್ಯಾಹ್ನ ಕಲ್ಲಿನ ಸಂದಿಗೆ ಕಿವಿ ಇಟ್ಟಾಗ ನನಗೆ ಎಣಿಕೆಯ ಸುದ್ದಿಯೇ ಗೊತ್ತಿರಲಿಲ್ಲ. ಕೆಳಗಿನಿಂದ ಬಂದದ್ದು ಒಂದು ಹುಡುಗಿಯ ದನಿ, ಅವಸರವಿಲ್ಲದ್ದು, ಬಗ್ಗಿ ಕೆಲಸ ಮಾಡುವವರ ದನಿ. ಅದು ಹೇಳಿದ್ದು ಇಷ್ಟೇ: ಐದು.