ಚಕ್ರದ ಗುರುತು ಸುಳ್ಳು ಹೇಳಿದಾಗ

ಈಗಷ್ಟೇ ಬೆಳಕು ಹರಿದಿದೆ. ದೋಣಿಕಟ್ಟೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ನೀರು ತುಂಬಿದ ಡ್ರಮ್ಮಿನ ಅಂಚಿಗೆ ಬಿಗಿದ ದೋಣಿ ಮೋಟರಿನ ಹಗ್ಗವನ್ನು, ರಿಪೇರಿ ಮಾಡುವುದರಿಂದ ಊರವರು ಮೋಟರಕ್ಕ ಎಂದೇ ಕರೆಯುವ ಹೆಂಗಸು ಜಗ್ಗುತ್ತಾರೆ. ಮೋಟರು ಒಮ್ಮೆ ಗುಡುಗಿ, ಹಗ್ಗವನ್ನು ಅವರ ಕೈಸಮೇತ ಒಳಕ್ಕೆ ಸೆಳೆದು, ತೆಪ್ಪಗಾಗುತ್ತದೆ.

"ಎಲ್ಲಾ ಸರಿಯಾಗೇ ಇದೆ. ಆದ್ರೂ ಸರಿ ಇಲ್ಲ," ಎಂದು ಬೆರಳು ನೀವಿಕೊಳ್ಳುತ್ತಾರೆ. "ತಲೆ ಕೆಟ್ಟು ಹೋಗ್ತಿದೆ."

ಇದು ಜನರನ್ನು ಆಚೆ ದಡಕ್ಕೆ ಸಾಗಿಸುವ ದೋಣಿಯ ಮೋಟರು. ಮುಳುಗಿ ತುಕ್ಕು ಹಿಡಿದಿದ್ದನ್ನು ಬಿಚ್ಚಿ, ತಿಕ್ಕಿ, ಹಳೆಯ ಬಿಡಿಭಾಗ ಹುಡುಕಿ ಹಾಕಿ ಅಕ್ಕ ಮತ್ತು ಅವರ ಗಂಡ ಮತ್ತೆ ಜೋಡಿಸಿದ್ದಾರೆ. ಉಳಿದಿರುವುದು ಟೈಮಿಂಗು ಮಾತ್ರ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ತುಸು ಮೊದಲು ಕಿಡಿ ಹಾರಬೇಕು. ತೀರಾ ಬೇಗ ಹಾರಿದರೆ ಮೋಟರು ಹಿಂದಕ್ಕೆ ಒದೆಯುತ್ತದೆ, ತಡವಾದರೆ ಏದುಸಿರು ಬಿಡುತ್ತದೆ. ಮೇಲಿನ ಚಕ್ರದಲ್ಲಿ ಕೊರೆದ ಗುರುತು ನೋಡಿಕೊಂಡು ಇದನ್ನು ಹೊಂದಿಸುತ್ತಾರೆ.

"ಗುರುತು ಕೂತಿದೆಯಲ್ಲ, ಮತ್ತೇನು ನಿನ್ನ ತಕರಾರು?" ಸ್ಟೂಲಿನ ಮೇಲೆ ಕೂತ ಗಂಡ ಕೇಳುತ್ತಾರೆ.

"ಗುರುತು ಕೂತಿದೆ ರೀ. ಮೋಟರು ಒಪ್ತಾ ಇಲ್ಲ."

ಅಕ್ಕನಿಗೆ ಈ ಕೆಲಸ ಕಲಿಸಿದವರು ಗಂಡನೇ. "ಅದು ಕೊಡು, ಇದು ಹಿಡ್ಕೋ ಅಂತಿದ್ರು. ಕೊಡ್ತಾ ಕೊಡ್ತಾ ನಂಗೂ ಬಂತು," ಎಂದು ಅಕ್ಕ ನಗುತ್ತಾರೆ. ಈಗ ದಿನಕ್ಕೆ ಎರಡೋ ಮೂರೋ ಮೋಟರು ಬರುತ್ತವೆ, ಎಲ್ಲವೂ ಅಕ್ಕನ ಕೈಗೇ. ವರ್ಷದಿಂದೀಚೆಗೆ ಗಂಡನಿಗೆ ಮರೆವು. ಸ್ಪ್ಯಾನರು ಕೈಯಲ್ಲೇ ಇಟ್ಟುಕೊಂಡು ಶೆಡ್ಡೆಲ್ಲ ಹುಡುಕುತ್ತಾರೆ.

ದೋಣಿಯವನು ಬಾಗಿಲಲ್ಲಿ ಇಣುಕುತ್ತಾನೆ. "ಅಕ್ಕಾ, ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದು ಹೋಗಿದೆ. ನೀರಿನ ಸೆಳೆತ ಬೇರೆ ಜಾಸ್ತಿಯಾಗಿದೆ. ಇವತ್ತಾದ್ರೂ ಕೊಡ್ತೀರಾ?"

"ನಡುನೀರಲ್ಲಿ ನಿಂತ್ರೆ ಏನು ಮಾಡ್ತೀಯಪ್ಪಾ? ಸ್ವಲ್ಪ ತಡಿ."

ತಪ್ಪು ಮೋಟರಿನದೋ ತನ್ನದೋ ಅಕ್ಕನಿಗೆ ತಿಳಿಯುತ್ತಿಲ್ಲ. ಕೊನೆಗೆ ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ತೆಳುವಾದ ಕಡ್ಡಿಯೊಂದನ್ನು ಇಳಿಬಿಟ್ಟು, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾರೆ. ಪಿಸ್ಟನ್ ಜೊತೆ ಕಡ್ಡಿಯೂ ಮೇಲೇರಿ ನಿಲ್ಲುತ್ತದೆ. ತುದಿ ಇದೇ. ಆದರೆ ಗುರುತು ಇರಬೇಕಾದ ಜಾಗದಿಂದ ಒಂದು ಬೆರಳಿನಷ್ಟು ದೂರದಲ್ಲಿದೆ! ಇನ್ನೊಮ್ಮೆ ತಿರುಗಿಸಿದರೂ ಅಷ್ಟೇ.

"ರೀ, ಈ ಚಕ್ರ ಇದೇ ಮೋಟರಿಂದಾ?"

ಗಂಡ ಎದ್ದು ಬಂದು ಚಕ್ರದ ಅಂಚು ಸವರಿ ನೋಡುತ್ತಾರೆ. "ಮೂಲೇಲಿದ್ದ ಹಳೇ ಮೋಟರಿಂದು ಹಾಕಿದ್ದೆ ಅನ್ಸುತ್ತೆ. ಇದರದ್ದು ಸೀಳಿತ್ತು. ನಿಂಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಬೇರೆ ಮೋಟರಿನ ಚಕ್ರದ ಗುರುತು ಇದಕ್ಕೆ ಹೊಂದುವುದಿಲ್ಲ. ಬೈಯಬೇಕೋ, ಈಗಲಾದರೂ ನೆನಪಾಯಿತಲ್ಲ ಎಂದು ಸಮಾಧಾನಪಡಬೇಕೋ ಅಕ್ಕನಿಗೆ ಗೊತ್ತಾಗುವುದಿಲ್ಲ. "ಹೇಳಿದ್ರೇನೋ, ನಾನೇ ಕೇಳಿಸ್ಕೊಂಡಿರಲ್ಲ," ಎನ್ನುತ್ತಾರೆ.

ಹಳೆಯ ಗುರುತನ್ನು ಉಜ್ಜಿ ಅಳಿಸಿ, ಕಡ್ಡಿ ತೋರಿಸಿದ ಜಾಗದಲ್ಲಿ ಉಳಿಯಿಂದ ಹೊಸದು ಕೊರೆಯುತ್ತಾರೆ. ಅದಕ್ಕೆ ತಕ್ಕಂತೆ ಕಿಡಿ ಹೊಂದಿಸಿ ಹಗ್ಗ ಜಗ್ಗಿದರೆ ಡ್ರಮ್ಮಿನ ನೀರು ಕುದಿಯುವಂತೆ ಏಳುತ್ತದೆ. ಮೋಟರು ಒಂದೇ ಸಮನೆ ಓಡುತ್ತದೆ.

ಮೋಟರು ಕಟ್ಟಿಕೊಂಡು ಹೊರಟ ದೋಣಿ ಅರ್ಧ ದಾರಿ ದಾಟುವ ತನಕ ಅಕ್ಕ ಕಟ್ಟೆಯಿಂದ ಕದಲುವುದಿಲ್ಲ. ಏನಾದರೂ ಆಸೆ ಉಂಟೇ ಎಂದು ನಾವು ಕೇಳಿದರೆ ನಾಚಿಕೊಳ್ಳುತ್ತಾರೆ.

"ಇಷ್ಟು ಮೋಟರು ಮಾಡಿದ್ದೀವಿ, ಇಬ್ಬರೂ ಒಟ್ಟಿಗೆ ದೋಣಿ ಹತ್ತಿಲ್ಲ. ಒಂದಿನ ಆಚೆ ದಡಕ್ಕೆ ಹೋಗಿ ಬರ್ಬೇಕು. ಕೆಲಸಕ್ಕಲ್ಲ, ಸುಮ್ನೆ. ಅವರಿಗೆ ನೆನಪಿರೋವಾಗ್ಲೇ."